ಹೃದಯ ನಿಂತವರಿಗೆ ಅಡ್ರಿನಲಿನ್ ಬದಲು ಸಲೈನ್ ಕೊಟ್ಟು ನೋಡಿದ್ದು ಸರಿಯಾ?

ಗಾಡಿ ಇಎಂಟಿ

ಎಲ್ಲರಿಗೂ ನಮಸ್ಕಾರ. ನಾನು ಆಂಬುಲೆನ್ಸ್‌ನಲ್ಲಿ ಇಎಂಟಿ, ಅಂದರೆ ದಾರಿಯಲ್ಲಿ ರೋಗಿಯನ್ನು ನೋಡಿಕೊಳ್ಳುವವನು. ರಿಫ್ರೆಶರ್ ಟ್ರೈನಿಂಗ್‌ನಲ್ಲಿ ಪಾಠ ಮಾಡಿದವರು ಬ್ರಿಟನ್ನಿನ ಪ್ಯಾರಾಮೆಡಿಕ್-2 ಅನ್ನೋ ಅಧ್ಯಯನದ ಬಗ್ಗೆ ಎರಡು ಮಾತು ಹೇಳಿ ಮುಂದಕ್ಕೆ ಹೋಗಿಬಿಟ್ಟರು. ಅದು ತಲೆಯಿಂದ ಹೋಗುತ್ತಲೇ ಇಲ್ಲ. ಆಮೇಲೆ ಹುಡುಕಿ ಓದಿದೆ.

ಕಥೆ ಇಷ್ಟು. 2014ರ ಡಿಸೆಂಬರ್‌ನಿಂದ 2017ರ ಅಕ್ಟೋಬರ್‌ವರೆಗೆ ನಡೆದದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನ 5 ಆಂಬುಲೆನ್ಸ್ ಸೇವೆಗಳು. ಮನೆಯಲ್ಲೋ ರಸ್ತೆಯಲ್ಲೋ ಹೃದಯ ನಿಂತುಹೋದ 8,014 ಜನ. ಸಿಪಿಆರ್ (ಎದೆ ಒತ್ತುವುದು), ಕರೆಂಟ್ ಶಾಕ್ ಎಲ್ಲಾ ಎಂದಿನಂತೆ ಕೊಟ್ಟರು. ಅದಕ್ಕೂ ಹೃದಯ ಶುರುವಾಗದಿದ್ದರೆ ಒಂದು ಪ್ಯಾಕ್ ಒಡೆಯಬೇಕು. ಒಳಗೆ ಮೊದಲೇ ತುಂಬಿಟ್ಟ ಸಿರಿಂಜ್‌ಗಳು. ಅರ್ಧ ಪ್ಯಾಕ್‌ಗಳಲ್ಲಿ ಅಡ್ರಿನಲಿನ್ (ಹೃದಯ ಮತ್ತೆ ಶುರುವಾಗಲಿ ಅಂತ ಕೊಡುವ ಔಷಧಿ), ಉಳಿದರ್ಧದಲ್ಲಿ ಬರೀ ಸಲೈನ್, ಅಂದರೆ ಉಪ್ಪುನೀರು. ನೋಡೋಕೆ ಎರಡೂ ಒಂದೇ ಥರ. ಕೊಡುವವನಿಗೂ ಗೊತ್ತಿಲ್ಲ ಯಾವುದು ಅಂತ.

ರೋಗಿಗೆ ಪ್ರಜ್ಞೆ ಇಲ್ಲ. ಮನೆಯವರನ್ನೂ ಮೊದಲು ಕೇಳಿಲ್ಲ. ಇದಕ್ಕೆ ಒಪ್ಪಿಗೆ ಹೇಗೆ ಸಿಕ್ಕಿತು? ನಾನು ದಿನಾ ಗಾಡಿಯಲ್ಲಿ ಇಟ್ಟುಕೊಂಡು ಓಡಾಡುವ ಔಷಧಿ ಅದು. ಅದು ಕೆಲಸ ಮಾಡುತ್ತದಾ ಇಲ್ಲವಾ ಅಂತ ನೋಡೋಕೆ 2017ರವರೆಗೆ ಕಾಯಬೇಕಿತ್ತಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಸುಮ್ನೆ ಓದೋನು

ಓದಿ ಮೈ ಉರಿಯಿತು. ಸಾಯುತ್ತಿರುವವನ ಪಕ್ಕ ಔಷಧಿ ಇದ್ದೂ ಉಪ್ಪುನೀರು ಕೊಡುವುದಾ? ನಮ್ಮೂರಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಆಸ್ಪತ್ರೆಯ ಗಾಜು ಉಳಿಯುತ್ತಿರಲಿಲ್ಲ. ಅಲ್ಲಿ ಮಾತ್ರ ಅದಕ್ಕೆ ವಿಜ್ಞಾನ ಅಂತ ಹೆಸರು.

ಕ್ಯಾಶುವಾಲ್ಟಿ ರಾಯಚೂರು

ಓದೋನು ಅವರೇ, ಸಿಟ್ಟು ಬರೋದು ಸಹಜ. ಆದರೆ ಅಡ್ರಿನಲಿನ್‌ನಿಂದ ಒಳ್ಳೆಯದಾಗುತ್ತದೆ ಅಂತ ಮೊದಲೇ ಗೊತ್ತಿತ್ತು ಅಂದುಕೊಂಡಿದ್ದೀರಿ. ಗೊತ್ತಿರಲಿಲ್ಲ.

1960ರ ದಶಕದಿಂದ ಕೊಡುತ್ತಾ ಬಂದಿದ್ದಾರೆ. ಶುರು ಮಾಡುವಾಗ ಇದ್ದ ಆಧಾರ ಬಹುಪಾಲು ಪ್ರಾಣಿಗಳ ಮೇಲಿನ ಪ್ರಯೋಗ. ಅದರ ಲೆಕ್ಕಾಚಾರ ಸರಳ. ಅಡ್ರಿನಲಿನ್ ಮೈಯ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಎದೆ ಒತ್ತುವಾಗ ಹೃದಯದ ಸ್ನಾಯುವಿಗೆ ಹೆಚ್ಚು ರಕ್ತ ಹೋಗುತ್ತದೆ, ಹೃದಯ ಮತ್ತೆ ಶುರುವಾಗುವ ಅವಕಾಶ ಜಾಸ್ತಿ. ಸರಿ. ಆದರೆ ಅದೇ ಬಿಗಿತ ಮಿದುಳಿನ ಸಣ್ಣ ನಾಳಗಳಲ್ಲೂ ಆದರೆ? ಹೃದಯ ಬಂತು, ಮಿದುಳು ಹೋಯಿತು ಅನ್ನುವ ಹಾಗಾದರೆ? ಈ ಅನುಮಾನ ಡಾಕ್ಟರುಗಳಲ್ಲಿ ಬಹಳ ವರ್ಷದಿಂದ ಇತ್ತು. ಎರಡು ಕಡೆಯವರೂ ವಾದ ಮಾಡುತ್ತಿದ್ದರು, ಯಾರ ಕೈಯಲ್ಲೂ ಗಟ್ಟಿ ಉತ್ತರ ಇರಲಿಲ್ಲ.

ಬ್ರಿಟನ್ನಿಗಿಂತ ಮೊದಲು ಪಶ್ಚಿಮ ಆಸ್ಟ್ರೇಲಿಯಾದವರು ಇದನ್ನು ಮಾಡಲು ಹೋಗಿದ್ದರು. ಅವರಿಗೆ ಸುಮಾರು 5,000 ಜನ ಬೇಕಿತ್ತು. ಸೇರಬೇಕಿದ್ದ 5 ಆಂಬುಲೆನ್ಸ್ ಸೇವೆಗಳಲ್ಲಿ 4 ಹಿಂದೆ ಸರಿದವು. ಪತ್ರಿಕೆಗಳಲ್ಲಿ, ರಾಜಕೀಯದವರಲ್ಲಿ ಥೇಟ್ ನಿಮ್ಮ ಸಿಟ್ಟೇ. ಕೊನೆಗೆ 2011ರಲ್ಲಿ ಪ್ರಕಟ ಮಾಡುವಾಗ ಕೈಯಲ್ಲಿದ್ದದ್ದು 534 ಜನರ ಲೆಕ್ಕ. ಪಲ್ಸ್ ಜಾಸ್ತಿ ಜನಕ್ಕೆ ಬಂತು, ಬದುಕಿ ಮನೆಗೆ ಹೋದವರ ಬಗ್ಗೆ ಏನೂ ಖಚಿತವಾಗಿ ಹೇಳೋಕಾಗಲಿಲ್ಲ. ಅಂದರೆ ಆ 534 ಜನರನ್ನು ಪ್ರಯೋಗಕ್ಕೆ ಸೇರಿಸಿಯೂ ಉತ್ತರ ಸಿಗಲಿಲ್ಲ. ನನಗೆ ಇದು ಪ್ಯಾರಾಮೆಡಿಕ್-2ಕ್ಕಿಂತ ಬೇಜಾರಿನ ವಿಷಯ.

ಅಂದ ಹಾಗೆ ಒಂದು ಎಚ್ಚರಿಕೆ. ಜೇನುಹುಳ ಕಚ್ಚಿಯೋ ಇಂಜೆಕ್ಷನ್ ರಿಯಾಕ್ಷನ್ ಆಗಿಯೋ ಅಲರ್ಜಿಯಿಂದ ಉಸಿರು ಕಟ್ಟಿದವರಿಗೆ ಅಡ್ರಿನಲಿನ್ ಕೊಡಲೇಬೇಕು. ಅದರಲ್ಲಿ ಯಾರಿಗೂ ಅನುಮಾನ ಇಲ್ಲ. ಈ ಅಧ್ಯಯನದಲ್ಲೂ ಅಲರ್ಜಿ, ಆಸ್ತಮಾದಿಂದ ಹೃದಯ ನಿಂತವರನ್ನು, ಗರ್ಭಿಣಿಯರನ್ನು, 16 ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಿರಲಿಲ್ಲ. ಈ ಥ್ರೆಡ್ ಓದಿ ಯಾರೂ ಅಲರ್ಜಿ ಕೇಸ್‌ನಲ್ಲಿ ಕೈ ಹಿಂದೆ ತೆಗೆಯಬೇಡಿ.

ಸುಮ್ನೆ ಓದೋನು

ಸರಿ ಡಾಕ್ಟ್ರೇ, ರಿಸಲ್ಟ್ ಏನಾಯಿತು ಅದು ಹೇಳಿ ಮೊದಲು.

ಅಂಕಿ ಅಕ್ಕ

ನಾನು ಹೇಳುತ್ತೇನೆ, ಇದು ನನ್ನ ಕೆಲಸ. (ಡಾಕ್ಟರ್ ಅಲ್ಲ, ವೈದ್ಯಕೀಯ ಸಂಶೋಧನೆಗಳ ಲೆಕ್ಕ ನೋಡುವವಳು.)

ಆಸ್ಪತ್ರೆ ತಲುಪುವ ಮೊದಲೇ ಪಲ್ಸ್ ಬಂದವರು ಅಡ್ರಿನಲಿನ್ ಕಡೆ 100ಕ್ಕೆ 36.3, ಸಲೈನ್ ಕಡೆ 11.7. ಮೂರು ಪಟ್ಟು! ಇಲ್ಲಿಗೇ ನಿಲ್ಲಿಸಿದ್ದರೆ ಅಡ್ರಿನಲಿನ್‌ಗೆ ಹಾರ ಹಾಕಿ ಮನೆಗೆ ಹೋಗಬಹುದಿತ್ತು.

30 ದಿನ ಆದಮೇಲೂ ಬದುಕಿದ್ದವರು 3.2 ಮತ್ತು 2.4. ವ್ಯತ್ಯಾಸ ಇದೆ, ಆಕಸ್ಮಿಕ ಅಲ್ಲ. ಆದರೆ ಆ ಮೂರು ಪಟ್ಟು ಎಲ್ಲಿ ಹೋಯಿತು ನೋಡಿ. ಪಲ್ಸ್ ಬಂದವರಲ್ಲಿ ಬಹುಪಾಲು ಜನ ಆ 30 ದಿನದೊಳಗೆ ತೀರಿಕೊಂಡರು.

ಇನ್ನು, ಯಾರ ಸಹಾಯವೂ ಇಲ್ಲದೆ ನಡೆದಾಡುವಷ್ಟಾದರೂ ಚೇತರಿಸಿಕೊಂಡು ಡಿಸ್ಚಾರ್ಜ್ ಆದವರು 2.2 ಮತ್ತು 1.9. ಇಷ್ಟು ಚಿಕ್ಕ ಅಂತರ ಸುಮ್ನೆ ಅದೃಷ್ಟದಿಂದಲೂ ಬರಬಹುದು. ಬದುಕಿ ಡಿಸ್ಚಾರ್ಜ್ ಆದವರನ್ನು ಮಾತ್ರ ತೆಗೆದುಕೊಂಡರೆ, ಹಾಸಿಗೆ ಹಿಡಿದವರು ಅಥವಾ ಎಲ್ಲದಕ್ಕೂ ಇನ್ನೊಬ್ಬರ ಕೈ ಬೇಕಾದವರು ಅಡ್ರಿನಲಿನ್ ಕಡೆ 100ಕ್ಕೆ 31, ಸಲೈನ್ ಕಡೆ 17.8.

ಅಂದರೆ ಅಡ್ರಿನಲಿನ್‌ನಿಂದ ಹೆಚ್ಚುವರಿಯಾಗಿ ಬದುಕಿದವರಲ್ಲಿ ಬಹಳ ಮಂದಿ ಈ ಗುಂಪಿಗೆ ಸೇರಿದರು. ಒಂದೇ ಔಷಧಿ, ಮೂರು ಕಡೆ ಅಳತೆ, ಮೂರು ಬೇರೆ ಉತ್ತರ. ಏನನ್ನು ಎಣಿಸುತ್ತೀರಿ ಅನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ, ಆಮೇಲೆ ಎಲ್ಲರೂ ತಮಗೆ ಬೇಕಾದ ಉತ್ತರ ಹೆಕ್ಕಿಕೊಳ್ಳುತ್ತಾರೆ. ಇವರು ಶುರು ಮಾಡುವ ಮೊದಲೇ ರೋಗಿಗಳ ಜೊತೆ, ಸಾರ್ವಜನಿಕರ ಜೊತೆ ಕೂತು ಕೇಳಿದ್ದರು: ನಿಮಗೆ ಯಾವುದು ಮುಖ್ಯ? ಬರೀ ಬದುಕುವುದಕ್ಕಿಂತ ಮಿದುಳು ಸರಿಯಾಗಿದ್ದು ಬದುಕುವುದು ಮುಖ್ಯ ಅಂತ ಬಂತು.

ಇನ್ನೊಂದು ಲೆಕ್ಕ ನ್ಯೂ ಇಂಗ್ಲೆಂಡ್ ಜರ್ನಲ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 2018ರಲ್ಲಿ ಬಂದ ಅದೇ ಪ್ರಬಂಧದಲ್ಲಿ ಇದೆ, ಯಾರೂ ಅದರ ಬಗ್ಗೆ ಮಾತಾಡಲ್ಲ. ಒಂದು ಜೀವ ಉಳಿಸೋಕೆ 112 ಜನಕ್ಕೆ ಅಡ್ರಿನಲಿನ್ ಕೊಡಬೇಕು. ಪಕ್ಕದಲ್ಲಿದ್ದವರು ಸಿಪಿಆರ್ ಮಾಡಿದರೆ 15 ಜನಕ್ಕೆ ಒಬ್ಬರು. ಬೇಗ ಶಾಕ್ ಕೊಟ್ಟರೆ 5 ಜನಕ್ಕೆ ಒಬ್ಬರು.

ಗಾಡಿ ಇಎಂಟಿ

ಅಕ್ಕ, ಇದನ್ನು ನಮಗೆ ಟ್ರೈನಿಂಗ್‌ನಲ್ಲಿ ಹೀಗೆ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. 112 ಮತ್ತು 5! ಹಾಗಾದರೆ ನಾಳೆ ಕೇಸ್ ಬಂದರೆ ನಾನು ಅಡ್ರಿನಲಿನ್ ಕೊಡಲೋ ಬೇಡವೋ?

ಕ್ಯಾಶುವಾಲ್ಟಿ ರಾಯಚೂರು

ಕೊಡಿ. ನಿಮ್ಮ ಪ್ರೋಟೋಕಾಲ್ ಏನು ಹೇಳುತ್ತದೋ, ಫೋನಲ್ಲಿರುವ ಡಾಕ್ಟರ್ ಏನು ಹೇಳುತ್ತಾರೋ ಹಾಗೆ. ಈ ಫಲಿತಾಂಶ ಬಂದ ಮೇಲೂ 2019ರಲ್ಲಿ ಹೃದಯ ನಿಂತವರ ಚಿಕಿತ್ಸೆಗೆ ಸಲಹೆ ಕೊಡುವ ಅಂತರರಾಷ್ಟ್ರೀಯ ಸಮಿತಿ ಅಡ್ರಿನಲಿನ್ ಕೊಡಿ ಅಂತಲೇ ಹೇಳಿದೆ, ಏಕೆಂದರೆ ಬದುಕುವವರ ಸಂಖ್ಯೆ ನಿಜವಾಗಿ ಹೆಚ್ಚುತ್ತದೆ. ಇನ್ನೊಂದು, ಆ ಅಧ್ಯಯನದಲ್ಲಿ ಕರೆ ಬಂದು ಔಷಧಿ ಒಳಗೆ ಹೋಗೋಕೆ ಸುಮಾರು 21 ನಿಮಿಷ ಆಗಿತ್ತು. ಬೇಗ ಕೊಟ್ಟರೆ ಏನಾಗುತ್ತಿತ್ತು ಅನ್ನೋದು ಅದರಿಂದ ತಿಳಿಯಲ್ಲ.

ಆದರೆ ಆಂಪೂಲ್ ಒಡೆಯೋಕೆ ಅಂತ ಎದೆ ಒತ್ತುವುದನ್ನು ನಿಲ್ಲಿಸಬೇಡಿ. ಇದನ್ನು ನಾನು ನಮ್ಮ ಇಂಟರ್ನ್‌ಗಳಿಗೆ ಕಿರುಚಿ ಕಿರುಚಿ ಹೇಳುತ್ತೇನೆ. ಮೂರು ಜನ ವೇನ್ ಹುಡುಕುತ್ತಿರುತ್ತಾರೆ, ಎದೆ ಮೇಲೆ ಯಾರ ಕೈಯೂ ಇರಲ್ಲ.

ಕುಡ್ಲದ ಮಗಳು

ಇಲ್ಲಿ ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ಅಂಕಿ ಅಕ್ಕ ಹೇಳಿದ ಆ 31ರ ಕಡೆ ನನ್ನ ಅಪ್ಪ ಇದ್ದಾರೆ. ಅಂಗಡಿಯಲ್ಲಿ ಕುಸಿದು ಬಿದ್ದರು. ಆಸ್ಪತ್ರೆ ತಲುಪಿದ ಮೇಲೆ ಪಲ್ಸ್ ಬಂತು. ಈಗ ಮನೆಯಲ್ಲಿ ಹಾಸಿಗೆಯಲ್ಲಿದ್ದಾರೆ. ಮೂಗಿನ ಪೈಪಿನಲ್ಲಿ ಗಂಜಿ. ಅಮ್ಮನಿಗೆ ಅವರು ಇದ್ದಾರೆ ಅನ್ನುವುದೇ ಸಾಕು, ದಿನಾ ಪೇಪರ್ ಓದಿ ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿಲ್ಲ.

ಡಾಕ್ಟರುಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಏನು ಬರೆದಿದ್ದರು ಗೊತ್ತಾ? ಪುನಶ್ಚೇತನ ಯಶಸ್ವಿ ಅಂತ. ಆಮೇಲೆ ಆ ಆಸ್ಪತ್ರೆಯಿಂದ ಬಿಲ್ ಬಾಕಿಗೆ ಬಿಟ್ಟರೆ ಒಂದು ಫೋನ್ ಬಂದಿಲ್ಲ. ಅವರ ಲೆಕ್ಕದಲ್ಲಿ ಅಪ್ಪ ಗೆದ್ದವರು. ಹೇಗಿದ್ದಾರೆ ಅಂತ ಕೇಳದೆ ಗೆದ್ದರು ಅಂತ ಬರೆಯುವುದು ಹೇಗೆ?

ಉಪ್ಪುನೀರು ಕೊಟ್ಟವರ ಬಗ್ಗೆ ನನಗೆ ಏನನ್ನಿಸಬೇಕೋ ಗೊತ್ತಿಲ್ಲ. ಆದರೆ ಅವರು ಮುಂದೇನಾಯಿತು ಅಂತ ನೋಡಿದರಲ್ಲ.

ಅಂಕಿ ಅಕ್ಕ

ಬರೆದದ್ದಕ್ಕೆ ಥ್ಯಾಂಕ್ಸ್. ಪಲ್ಸ್ ಬಂತು ಅನ್ನುವುದನ್ನೇ ಯಶಸ್ಸು ಅಂತ ಬರೆಯುವ ಅಭ್ಯಾಸ ಎಲ್ಲಾ ಕಡೆ ಇದೆ. ಅದು ಎಣಿಸೋಕೆ ಸುಲಭ, ಅದೇ ರಾತ್ರಿ ಗೊತ್ತಾಗುತ್ತದೆ. ನಿಮ್ಮ ಅಪ್ಪನ ಸ್ಥಿತಿ ಗೊತ್ತಾಗಬೇಕಾದರೆ ಯಾರಾದರೂ ನಿಮ್ಮ ಮನೆಗೆ ಫೋನ್ ಮಾಡಬೇಕು.

ಕವೆಂಟ್ರಿಯಿಂದ

ನಾನು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನರ್ಸ್. ಆ ಅಧ್ಯಯನ ನಡೆಸಿದ್ದು ಇದೇ ಊರಿನ ವಾರ್ವಿಕ್ ವಿಶ್ವವಿದ್ಯಾಲಯ, ಮುಖ್ಯಸ್ಥರು ಗೇವಿನ್ ಪರ್ಕಿನ್ಸ್. ಒಪ್ಪಿಗೆ ಬಗ್ಗೆ ಕೇಳಿದ್ದಿರಲ್ಲ, ಅದನ್ನು ಹೇಳುತ್ತೇನೆ.

2004ರ ಬ್ರಿಟನ್ ಕಾನೂನಿನ ಪ್ರಕಾರ ಯಾವುದೇ ಔಷಧಿ ಪ್ರಯೋಗಕ್ಕೆ ರೋಗಿಯದ್ದೋ, ಅವರ ಪರವಾಗಿ ಯಾರಾದರೂ ಕೊಟ್ಟದ್ದೋ ಒಪ್ಪಿಗೆ ಮೊದಲೇ ಬೇಕಿತ್ತು. ಇದರಿಂದ ಎಮರ್ಜೆನ್ಸಿ ಸಂಶೋಧನೆ ನಿಂತೇ ಹೋಗುತ್ತದೆ ಅಂತ ಗಲಾಟೆ ಆಗಿ 2006ರಲ್ಲಿ ತಿದ್ದುಪಡಿ ಬಂತು. ಚಿಕಿತ್ಸೆ ತಕ್ಷಣ ಬೇಕು, ಕೇಳೋಕೆ ಸಮಯ ಇಲ್ಲ, ಎಥಿಕ್ಸ್ ಕಮಿಟಿ (ಪ್ರಯೋಗ ನ್ಯಾಯವಾಗಿದೆಯಾ ಅಂತ ನೋಡುವ ಸಮಿತಿ) ಮೊದಲೇ ಒಪ್ಪಿದೆ ಅಂದರೆ ಶುರು ಮಾಡಬಹುದು, ಆಮೇಲೆ ಕೇಳಬೇಕು. ಬದುಕಿದವರಿಗೆ ವಿಷಯ ತಿಳಿಸಿ, ಮುಂದುವರಿಯುತ್ತೀರಾ ಅಂತ ಕೇಳಿದರು. ಅಮೆರಿಕದಲ್ಲೂ 1996ರಿಂದ ಇಂಥ ನಿಯಮ ಇದೆ, ಅಲ್ಲಿ ಮೊದಲು ಆ ಊರಿನ ಜನರ ಜೊತೆ ಸಭೆ ಮಾಡಿ ಅಭಿಪ್ರಾಯ ಕೇಳಬೇಕು.

ಬೇಡ ಅನ್ನುವವರು ಮೊದಲೇ ಹೇಳಿ ಒಂದು ಕೈಬಳೆ ತರಿಸಿಕೊಳ್ಳಬಹುದಿತ್ತು. ಅದನ್ನು ಹಾಕಿಕೊಂಡವರನ್ನು ಪ್ರಯೋಗಕ್ಕೆ ಸೇರಿಸುವ ಹಾಗಿಲ್ಲ. ನನಗೇನೋ ಇದು ಸ್ವಲ್ಪ ತಮಾಷೆ ಅನಿಸುತ್ತದೆ. ಹೃದಯ ನಿಂತಾಗ ಯಾವ ಪ್ರಯೋಗ ನಡೆಯುತ್ತಿದೆ ಅಂತ ತಿಳಿದುಕೊಂಡು ಬಳೆ ತರಿಸಿಕೊಳ್ಳುವವರು ಯಾರು ಹೇಳಿ.

ಜಗಳ ಆದದ್ದು ತೀರಿಕೊಂಡವರ ಮನೆಯವರ ವಿಷಯದಲ್ಲಿ. ಅವರಿಗೆ ಒಬ್ಬೊಬ್ಬರಿಗೇ ಹೋಗಿ ಹೇಳಲಿಲ್ಲ. ವೆಬ್‌ಸೈಟ್‌ನಲ್ಲಿ, ಪತ್ರಿಕೆಗಳಲ್ಲಿ ಮಾಹಿತಿ ಹಾಕಿದರು, ತಿಳಿಯಬೇಕಾದವರು ಬಂದು ಕೇಳಲಿ ಅಂತ. ದುಃಖದಲ್ಲಿರುವವರಿಗೆ ಪತ್ರ ಕಳಿಸಿದರೆ ಇನ್ನಷ್ಟು ನೋವು ಅನ್ನೋದು ಅವರ ವಾದ. ಮುಚ್ಚಿಟ್ಟ ಹಾಗೆ ಕಾಣುತ್ತದೆ ಅನ್ನೋದು ಇನ್ನೊಂದು ಕಡೆಯವರದ್ದು. ನಾನು ಎರಡನೇ ಕಡೆ. ಪತ್ರ ಕಳಿಸಬೇಕಿತ್ತು.

ಸುಮ್ನೆ ಓದೋನು

ನಾನೂ ಅದೇ ಕಡೆ. ಹೇಳದೆ ಮಾಡಿದ್ದಕ್ಕಿಂತ ಆಮೇಲೂ ಹೇಳದೆ ಇದ್ದದ್ದು ನನಗೆ ತಪ್ಪು ಕಾಣುತ್ತದೆ.

ತುಮಕೂರು ವಕೀಲ

ನಮ್ಮ ದೇಶದ ಕಡೆ ಹೇಳುತ್ತೇನೆ. ಒಂದು ಎಥಿಕ್ಸ್ ಕಮಿಟಿಯಲ್ಲಿ ಕಾನೂನು ಸದಸ್ಯನಾಗಿ ಕೂತಿದ್ದೇನೆ.

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ರೋಗಿಗೆ ಪ್ರಜ್ಞೆ ಇಲ್ಲದಿದ್ದರೆ ಅವರ ಪರವಾಗಿ ಕಾನೂನು ಒಪ್ಪುವ ಪ್ರತಿನಿಧಿ ಸಹಿ ಹಾಕಬೇಕು. ಹೊಸ ರಾಸಾಯನಿಕದ ಪ್ರಯೋಗ ಆಗಿದ್ದು, ಅಸಹಾಯಕ ಸ್ಥಿತಿಯಲ್ಲಿರುವವರು ಆಗಿದ್ದರೆ ಒಪ್ಪಿಗೆ ತೆಗೆದುಕೊಳ್ಳುವುದನ್ನು ವಿಡಿಯೋ ಮಾಡಬೇಕು. ಪ್ರಯೋಗ ಶುರುವಾಗುವ ಮೊದಲೇ ರಾಷ್ಟ್ರೀಯ ನೋಂದಣಿಯಲ್ಲಿ ಅದರ ವಿವರ ಹಾಕಬೇಕು, ಇದು 2009ರಿಂದ ಕಡ್ಡಾಯ.

ಇಷ್ಟೊಂದು ಬಿಗಿ ಯಾಕೆ ಅಂತ ಕೇಳುವವರಿಗೆ ಖಮ್ಮಂ ನೆನಪಿರಲಿ. ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ಲಸಿಕೆಯ ಅಧ್ಯಯನಕ್ಕೆ ಬುಡಕಟ್ಟು ಹೆಣ್ಣುಮಕ್ಕಳನ್ನು ಸೇರಿಸಿದಾಗ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಸಂಸತ್ ಸಮಿತಿ 2013ರಲ್ಲಿ ಕಟುವಾಗಿ ಬರೆಯಿತು. ಅದು ಎಮರ್ಜೆನ್ಸಿ ಅಲ್ಲವೇ ಅಲ್ಲ, ಕೇಳೋಕೆ ಬೇಕಾದಷ್ಟು ಸಮಯ ಇತ್ತು. ಆದರೂ ಕೇಳಲಿಲ್ಲ. ಹಾಗಾಗಿ ಕೇಳೋಕೆ ಸಮಯ ಇಲ್ಲ ಅಂತ ಯಾರಾದರೂ ನಮ್ಮ ಕಮಿಟಿ ಮುಂದೆ ಬಂದರೆ ನಾವು ಎರಡು ಸಲ ನೋಡುತ್ತೇವೆ. ನೋಡಬೇಕು ಕೂಡ.

ಗಾಡಿ ಇಎಂಟಿ

ವಕೀಲ್ ಸರ್, ಒಪ್ಪುತ್ತೇನೆ. ಆದರೆ ಹೈವೇಯಲ್ಲಿ ಬೈಕ್ ಬಿದ್ದಿದೆ ಅಂದುಕೊಳ್ಳಿ. ಹುಡುಗನಿಗೆ ಹೆಲ್ಮೆಟ್ ಇಲ್ಲ, ಪ್ರಜ್ಞೆ ಇಲ್ಲ. ಪಕ್ಕದಲ್ಲಿ ಇರುವವರು ಎಳನೀರು ಮಾರುವವರು ಮತ್ತು ವಿಡಿಯೋ ತೆಗೆಯುತ್ತಿರುವ ನಾಲ್ಕು ಜನ. ಕಾನೂನು ಒಪ್ಪುವ ಪ್ರತಿನಿಧಿಯನ್ನು ನಾನು ಎಲ್ಲಿಂದ ತರಲಿ? ಮೊಬೈಲ್ ಲಾಕ್ ಆಗಿರುತ್ತದೆ. ಮನೆಯವರು ಬರುವುದು ಬೇರೆ ತಾಲ್ಲೂಕಿನಿಂದ. ಅವರು ಬಂದಾಗ ಅಳುತ್ತಿರುತ್ತಾರೆ, ಎಲ್ಲಿ ಸಹಿ ಹಾಕಬೇಕು ಹೇಳಿ ಅನ್ನುತ್ತಾರೆ, ಓದುವುದೇ ಇಲ್ಲ. ಅದು ಒಪ್ಪಿಗೆನಾ?

ಕ್ಯಾಶುವಾಲ್ಟಿ ರಾಯಚೂರು

ಇದೇ ವಿಷಯವನ್ನು ಲೆಕ್ಕ ಹಾಕಿದವರಿದ್ದಾರೆ. ಕ್ರ್ಯಾಶ್ ಅಂತ ಒಂದು ದೊಡ್ಡ ಅಧ್ಯಯನ, ತಲೆಗೆ ಪೆಟ್ಟು ಬಿದ್ದ 10,008 ಜನ. ಸಂಬಂಧಿಕರ ಸಹಿ ಬೇಕೇ ಬೇಕು ಅನ್ನುವ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಶುರುವಾಗುವುದು ಬೇರೆ ಆಸ್ಪತ್ರೆಗಳಿಗಿಂತ ಸುಮಾರು ಒಂದು ಗಂಟೆ ತಡವಾಗುತ್ತಿತ್ತು.

ಆ ಅಧ್ಯಯನದ ಫಲಿತಾಂಶ ಎಲ್ಲರೂ ತಿಳಿದಿರಬೇಕು. ತಲೆಗೆ ಪೆಟ್ಟು ಬಿದ್ದರೆ ಊತ ಇಳಿಯಲಿ ಅಂತ ದಶಕಗಳಿಂದ ಸ್ಟೀರಾಯ್ಡ್ ಕೊಡುತ್ತಿದ್ದರು. ಮನಸ್ಸಿಗೆ ಒಪ್ಪುವ ಮಾತು ಅಲ್ವಾ? 2004ರಲ್ಲಿ ಲೆಕ್ಕ ಬಂತು. ಎರಡು ವಾರದಲ್ಲಿ ತೀರಿಕೊಂಡವರು ಸ್ಟೀರಾಯ್ಡ್ ಕೊಟ್ಟ ಕಡೆ 100ಕ್ಕೆ 21.1, ಕೊಡದ ಕಡೆ 17.9. ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡು ಇಷ್ಟು ವರ್ಷ ಎಷ್ಟು ಜನರನ್ನು ಕಳೆದುಕೊಂಡೆವೋ. ಅವರಲ್ಲಿ ಯಾರ ಹತ್ತಿರವೂ ಯಾರೂ ಪ್ರಯೋಗದ ಫಾರಂಗೆ ಸಹಿ ಹಾಕಿಸಿಕೊಂಡಿರಲಿಲ್ಲ. ಅದು ಮಾಮೂಲಿ ಚಿಕಿತ್ಸೆ ಆಗಿತ್ತು, ಅದಕ್ಕೆ ಸಹಿ ಬೇಕಿರಲಿಲ್ಲ.

ಅದೇ ಗುಂಪಿನವರು ಮುಂದೆ ಕ್ರ್ಯಾಶ್-2 ಮಾಡಿದರು. 40 ದೇಶ, 274 ಆಸ್ಪತ್ರೆ, 20,211 ಜನ. ಭಾರತದ ಆಸ್ಪತ್ರೆಗಳೂ ಇದ್ದವು. ಟ್ರಾನೆಕ್ಸಾಮಿಕ್ ಆಸಿಡ್, ನಮ್ಮಲ್ಲಿ ಮುಟ್ಟಿನ ರಕ್ತಸ್ರಾವ ಜಾಸ್ತಿ ಇದ್ದರೆ ಮಾತ್ರೆಯಾಗಿ ಕೊಡುತ್ತಾರಲ್ಲ ಅದೇ. 1960ರ ದಶಕದಲ್ಲಿ ಜಪಾನಿನ ಉಟಾಕೊ ಒಕಾಮೊಟೊ ಅವರು ಗಂಡನ ಜೊತೆ ಸೇರಿ ಕಂಡುಹಿಡಿದದ್ದು. ಅಪಘಾತದಲ್ಲಿ ರಕ್ತ ಹೋಗುತ್ತಿರುವವರಿಗೆ ಕೊಟ್ಟು ನೋಡಿದರು. ಸಾವು 16.0ರಿಂದ 14.5ಕ್ಕೆ ಇಳಿಯಿತು. ಇದು 2010ರಲ್ಲಿ. ಅಗ್ಗದ ಔಷಧಿ. ಆದರೆ ಪೆಟ್ಟು ಬಿದ್ದು 3 ಗಂಟೆಯೊಳಗೆ ಕೊಡಬೇಕು. ಆಮೇಲೆ ಕೊಟ್ಟರೆ ರಕ್ತಸ್ರಾವದಿಂದ ಸಾಯುವವರು ಜಾಸ್ತಿಯಾದರು! ಈಗ ಆ ಒಂದು ಗಂಟೆ ತಡದ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ.

ಎಲ್ಲಾ ಕಡೆ ಇದೇ ಫಲಿತಾಂಶ ಅಂತಲೂ ಅಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜರ್ಮನಿಯಲ್ಲಿ ಇದೇ ಔಷಧಿಯನ್ನು ಗಾಡಿಯಲ್ಲೇ ಕೊಟ್ಟು ನೋಡಿದರು, 2023ರಲ್ಲಿ ಲೆಕ್ಕ ಬಂತು. 6 ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಎರಡೂ ಕಡೆ ಹತ್ತಿರ ಹತ್ತಿರ ಒಂದೇ, 53.7 ಮತ್ತು 53.5. ಮತ್ತೆ ಅಂಕಿ ಅಕ್ಕ ಹೇಳಿದ ಮಾತೇ. ಸಾವು ಎಣಿಸುತ್ತೀರಾ, ಚೇತರಿಕೆ ಎಣಿಸುತ್ತೀರಾ?

ಸುಮ್ನೆ ಓದೋನು

ಡಾಕ್ಟ್ರೇ, ಇದೆಲ್ಲ ಶ್ರೀಮಂತ ದೇಶದವರ ಲೆಕ್ಕ. ಅವರ ರಸ್ತೆ ಬೇರೆ, ಅವರ ಐಸಿಯು ಬೇರೆ. ನಮಗೆ ಹೊಂದುತ್ತದಾ?

ಕ್ಯಾಶುವಾಲ್ಟಿ ರಾಯಚೂರು

ಹೊಂದಲ್ಲ ಅನ್ನೋದಕ್ಕೇ ಉದಾಹರಣೆ ಇದೆ. ಶಾಕ್‌ಗೆ ಹೋದ, ಅಂದರೆ ರಕ್ತ ಸಂಚಾರ ಕುಸಿದ ಜ್ವರದ ಮಗುವಿಗೆ ಬೇಗ ಬೇಗ ಡ್ರಿಪ್ ಹಾಕು ಅನ್ನೋದು ಶ್ರೀಮಂತ ದೇಶದ ಪಾಠ. ಉಗಾಂಡ, ಕೀನ್ಯಾ, ಟಾಂಜಾನಿಯಾದಲ್ಲಿ 3,141 ಮಕ್ಕಳಲ್ಲಿ ಅದನ್ನು ಪರೀಕ್ಷೆ ಮಾಡಿದರು. ಫೀಸ್ಟ್ ಅಧ್ಯಯನ, 2011. ಜೋರಾಗಿ ಡ್ರಿಪ್ ಹಾಕಿದ ಮಕ್ಕಳಲ್ಲಿ 48 ಗಂಟೆಯಲ್ಲಿ ತೀರಿಕೊಂಡವರು 100ಕ್ಕೆ 10.5ರ ಆಸುಪಾಸು, ಹಾಗೆ ಹಾಕದೆ ನಿಧಾನಕ್ಕೆ ನೋಡಿಕೊಂಡವರಲ್ಲಿ 7.3. ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಅಲ್ಲಿ ವೆಂಟಿಲೇಟರ್ ಇಲ್ಲ, ಐಸಿಯು ಇಲ್ಲ. ಅಲ್ಲಿ ಹೋಗಿ ಅಳೆಯದಿದ್ದರೆ ಇವತ್ತಿಗೂ ಅದೇ ಪಾಠ ನಡೆಯುತ್ತಿತ್ತು.

ನಮ್ಮ ಕಡೆಯ ವಿಷಯಕ್ಕೆ ಬರುತ್ತೇನೆ, ಇದು ನನ್ನ ದಿನನಿತ್ಯದ ಕೆಲಸ. ಹತ್ತಿ, ಭತ್ತ, ಮೆಣಸಿನಕಾಯಿ ಇರುವ ಕಡೆ ಕ್ರಿಮಿನಾಶಕ ಕುಡಿದವರು ಬರುತ್ತಲೇ ಇರುತ್ತಾರೆ. ಬಂದ ತಕ್ಷಣ ಇದ್ದಿಲಿನ ಪುಡಿ ಕುಡಿಸುವುದು ಹಳೇ ಪದ್ಧತಿ, ವಿಷ ಹೀರಿಕೊಳ್ಳಲಿ ಅಂತ. ಶ್ರೀಲಂಕಾದಲ್ಲಿ ವಿಷ ಸೇವಿಸಿದ 4,632 ಜನರಲ್ಲಿ ನೋಡಿದರು, 2008ರಲ್ಲಿ ಬಂತು. ಇದ್ದಿಲು ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಸಾವು ಎಲ್ಲಾ ಗುಂಪಿನಲ್ಲೂ 100ಕ್ಕೆ 6-7. ಕ್ರಿಮಿನಾಶಕದ ವಿಷಕ್ಕೆ ಕೊಡುವ ಪ್ಯಾಮ್ ಇಂಜೆಕ್ಷನ್ ವಿಷಯ ಇನ್ನೂ ಗೋಜಲು. ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ಜನರಲ್ಲಿ ಹೆಚ್ಚು ಡೋಸ್ ಕೊಟ್ಟು ಲಾಭ ಇದೆ ಅಂದರು, 2006. ಶ್ರೀಲಂಕಾದಲ್ಲಿ 235 ಜನರಲ್ಲಿ ನೋಡಿ ಲಾಭ ಕಾಣಲಿಲ್ಲ ಅಂದರು, 2009. ಇವತ್ತಿಗೂ ಒಂದು ವಾರ್ಡಿನಲ್ಲಿ ಕೊಡುತ್ತಾರೆ, ಪಕ್ಕದ ವಾರ್ಡಿನಲ್ಲಿ ಕೊಡಲ್ಲ.

ಇದೇ ವಿಷಕ್ಕೆ ಕೊಡುವ ಇನ್ನೊಂದು ಔಷಧಿ ಅಟ್ರೋಪಿನ್, ಅದರ ಕಥೆ ಮಾತ್ರ ಬೇರೆ. ಬಾಂಗ್ಲಾದೇಶದ ಚಿತ್ತಗಾಂಗ್ ಮೆಡಿಕಲ್ ಕಾಲೇಜಿನಲ್ಲಿ 156 ಜನ. ಔಷಧಿ ಎರಡೂ ಕಡೆ ಒಂದೇ, ಕೊಡುವ ರೀತಿ ಮಾತ್ರ ಬೇರೆ. ಒಂದು ಕಡೆ ಹಳೇ ಥರ ಆಗಾಗ ಅಷ್ಟಷ್ಟೇ. ಇನ್ನೊಂದು ಕಡೆ ಶ್ವಾಸಕೋಶ ಒಣಗುವವರೆಗೆ ಕೆಲವೇ ನಿಮಿಷಕ್ಕೊಮ್ಮೆ ಡೋಸ್ ದುಪ್ಪಟ್ಟು ಮಾಡುತ್ತಾ ಹೋಗಿ ಆಮೇಲೆ ಡ್ರಿಪ್‌ನಲ್ಲಿ ನಿಧಾನಕ್ಕೆ. ಸಾವು 22.5ರಿಂದ 8ಕ್ಕೆ! ಹೊಸ ಮಿಷನ್ ಇಲ್ಲ, ಹೊಸ ಔಷಧಿ ಇಲ್ಲ. ಗಡಿಯಾರ, ಸ್ಟೆತಾಸ್ಕೋಪ್, ಪಕ್ಕದಲ್ಲಿ ನಿಲ್ಲುವ ಒಬ್ಬ ಮನುಷ್ಯ. ನಾನು ಇಡೀ ವೃತ್ತಿಯಲ್ಲಿ ಓದಿದ ಪ್ರಬಂಧಗಳಲ್ಲಿ ನನ್ನ ಕೆಲಸವನ್ನು ಇದರಷ್ಟು ಬದಲಿಸಿದ್ದು ಇನ್ನೊಂದಿಲ್ಲ. ನಮ್ಮಂಥದ್ದೇ ಆಸ್ಪತ್ರೆಯಿಂದ ಬಂದದ್ದು ಅದು.

ಬೀದರ್ ಸ್ಟಾಫ್ ನರ್ಸ್

ಅಟ್ರೋಪಿನ್ ದುಪ್ಪಟ್ಟು ಮಾಡುವುದು ನಮ್ಮಲ್ಲೂ ಮಾಡುತ್ತೇವೆ. ನೈಟ್ ಡ್ಯೂಟಿಯಲ್ಲಿ ಒಬ್ಬರೇ ಇದ್ದರೆ ಆ ಪಕ್ಕದಲ್ಲಿ ನಿಲ್ಲುವ ಮನುಷ್ಯ ಯಾರು ಅಂತಲೂ ಡಾಕ್ಟ್ರು ಹೇಳಬೇಕು 🙂

ಗಾಡಿ ಇಎಂಟಿ

😄 ಮೇಡಂ ಸರಿಯಾಗಿ ಹೇಳಿದಿರಿ.

ಓಡುವ ಗಾಡಿಯಲ್ಲಿ ಇಂಥ ಅಧ್ಯಯನ ಮಾಡೋಕೆ ಸಾಧ್ಯವಾ? ನನಗೆ ಒಂದು ಪಿಸಿಆರ್ ಶೀಟ್ (ರೋಗಿಯ ವಿವರ ಬರೆಯುವ ಹಾಳೆ) ತುಂಬಿಸುವುದೇ ಕಷ್ಟ. ಒಂದು ಕೈಯಲ್ಲಿ ಆಕ್ಸಿಜನ್, ಒಂದು ಕೈಯಲ್ಲಿ ಕಂಬಿ.

ಅಂಕಿ ಅಕ್ಕ

ಮಾಡಿದ್ದಾರೆ. ಅಮೆರಿಕದ ರಾಂಪಾರ್ಟ್, 2012. ಫಿಟ್ಸ್ ನಿಲ್ಲದವರು, 893 ಜನ. ತೊಡೆಗೆ ಮಿಡಾಜೋಲಮ್ ಚುಚ್ಚುವುದು ಮೇಲಾ, ವೇನ್ ಹುಡುಕಿ ಲೊರಾಜೆಪಾಮ್ ಕೊಡುವುದು ಮೇಲಾ ಅನ್ನೋದು ಪ್ರಶ್ನೆ. ಎಲ್ಲರಿಗೂ ಎರಡೂ ಇಂಜೆಕ್ಷನ್ ಕೊಟ್ಟರು, ಅದರಲ್ಲಿ ಒಂದು ಮಾತ್ರ ನಿಜವಾದ ಔಷಧಿ. ಪೆಟ್ಟಿಗೆ ತೆರೆದರೆ ಗಡಿಯಾರ ಶುರುವಾಗುತ್ತದೆ, ಒಳಗೆ ಒಂದು ಧ್ವನಿ ರೆಕಾರ್ಡರ್. ಕೊಟ್ಟೆ, ಫಿಟ್ಸ್ ನಿಂತಿತು ಅಂತ ಬಾಯಲ್ಲಿ ಹೇಳಿದರೆ ಸಾಕು, ಸಮಯದ ಸಮೇತ ದಾಖಲಾಗುತ್ತದೆ. ಬರೆಯುವ ಕೆಲಸ ಆಮೇಲೆ.

ಆಸ್ಪತ್ರೆ ತಲುಪುವಾಗ ಫಿಟ್ಸ್ ನಿಂತಿದ್ದವರು ತೊಡೆಗೆ ಚುಚ್ಚಿದ ಕಡೆ 73.4, ವೇನ್ ಕಡೆ 63.4. ವೇನ್‌ನಲ್ಲಿ ಔಷಧಿ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಕೈಕಾಲು ಕೊಡವುತ್ತಿರುವವನ ಕೈಯಲ್ಲಿ ವೇನ್ ಸಿಗಬೇಕಲ್ಲ. ಇದು ನಿಮ್ಮಂಥವರಿಗೆ ಮೊದಲೇ ಗೊತ್ತಿತ್ತು, ಡಾಕ್ಟರುಗಳಿಗೆ 893 ಜನ ಬೇಕಾದರು.

ಗಾಡಿ ಇಎಂಟಿ

ನಮ್ಮಲ್ಲಿ ಇಂಥದ್ದೆಲ್ಲ ಯಾಕಿಲ್ಲ ಅಂತ ನನಗೆ ಈಗ ಗೊತ್ತಾಯಿತು, ಹೇಳುತ್ತೇನೆ. ನಮ್ಮಲ್ಲಿ 108 ಶುರುವಾಗಿದ್ದು 2008ರಲ್ಲಿ. ಅಲ್ಲಿಂದ ಈಚೆಗೆ ಎಷ್ಟು ಲಕ್ಷ ಶೀಟ್ ತುಂಬಿರಬಹುದು! ಕರೆ ಬಂದ ಸಮಯ, ಸ್ಥಳ ತಲುಪಿದ ಸಮಯ, ಬಿಪಿ, ಪಲ್ಸ್ ಎಲ್ಲಾ ಅದರಲ್ಲಿ ಇರುತ್ತದೆ. ಕ್ಯಾಶುವಾಲ್ಟಿ ಬಾಗಿಲಲ್ಲಿ ಸೀಲ್ ಹಾಕಿಸಿಕೊಳ್ಳುತ್ತೇವೆ. ಅಲ್ಲಿಗೆ ನಮ್ಮ ಕಾಗದ ಮುಗಿಯಿತು. ಒಳಗೆ ರೋಗಿಗೆ ಹೊಸ ಐಪಿ ನಂಬರ್, ಅಂದರೆ ಆಸ್ಪತ್ರೆಗೆ ಸೇರಿದವರಿಗೆ ಕೊಡುವ ನಂಬರ್. ಆ ನಂಬರ್ ನನ್ನ ಶೀಟ್‌ನಲ್ಲಿ ಇರಲ್ಲ, ನನ್ನ ಕೇಸ್ ನಂಬರ್ ಅವರ ಫೈಲ್‌ನಲ್ಲಿ ಇರಲ್ಲ. ಅಲ್ಲಿಂದ ದೊಡ್ಡಾಸ್ಪತ್ರೆಗೆ ರೆಫರ್ ಆದರೆ ಮೂರನೇ ನಂಬರ್. ನಾನು ತಂದ ಮನುಷ್ಯ ಬದುಕಿದನಾ ಅಂತ ನನಗೆ ಗೊತ್ತಾಗುವುದು ಅಕಸ್ಮಾತ್ ಅದೇ ಊರಿಗೆ ಇನ್ನೊಂದು ಕೇಸ್‌ಗೆ ಹೋಗಿ ಚಹಾ ಅಂಗಡಿಯಲ್ಲಿ ಕೇಳಿದರೆ ಮಾತ್ರ.

ಉಪ್ಪುನೀರು, ಒಪ್ಪಿಗೆ ಎಲ್ಲಾ ಆಮೇಲಿನ ಜಗಳ. ನಮಗೆ ಈ ಎರಡು ನಂಬರ್ ಸೇರಿಸೋಕೇ ಆಗಿಲ್ಲ.

ತುಮಕೂರು ವಕೀಲ

ಇದು ಅತಿ ಮುಖ್ಯವಾದ ಮಾತು. ಇದಕ್ಕೆ ಯಾವ ಕಾನೂನೂ ಅಡ್ಡ ಬರಲ್ಲ, ಸರಿಯಾದ ದಾರಿಯಲ್ಲಿ ಹೋದರೆ.

ಅಂಕಿ ಅಕ್ಕ

ಹೃದಯ ನಿಂತ ಕೇಸ್‌ಗಳಲ್ಲಿ ಏನೇನು ಬರೆಯಬೇಕು ಅಂತ ಜಗತ್ತಿಗೇ ಒಂದು ಪಟ್ಟಿ ಇದೆ. 1990ರಲ್ಲಿ ನಾರ್ವೆಯ ಸ್ಟಾವಂಗರ್ ಹತ್ತಿರ ಉಟ್‌ಸ್ಟೈನ್ ಅನ್ನೋ ಹಳೇ ಮಠದಲ್ಲಿ ಕೂತು ಮಾಡಿದ್ದು, ಅದಕ್ಕೇ ಉಟ್‌ಸ್ಟೈನ್ ಪಟ್ಟಿ ಅನ್ನುತ್ತಾರೆ. ಅದಕ್ಕೂ ಮೊದಲು ಒಂದೊಂದು ಊರಿನವರು ಒಂದೊಂದು ಥರ ಎಣಿಸುತ್ತಿದ್ದರು, ಹೋಲಿಸೋಕೇ ಆಗುತ್ತಿರಲಿಲ್ಲ. ಬಿದ್ದದ್ದನ್ನು ಯಾರು ನೋಡಿದರು, ಯಾರು ಎದೆ ಒತ್ತಿದರು, ಮೊದಲ ಇಸಿಜಿಯಲ್ಲಿ ಏನಿತ್ತು, ಕೊನೆಗೆ ಏನಾಯಿತು. ನಮ್ಮ ಪಕ್ಕದ ತೆಲಂಗಾಣದ ವಾರಂಗಲ್‌ನಲ್ಲಿ ಇದೇ ಥರ ಒಂದು ನೋಂದಣಿ ಮಾಡಿದ್ದಾರೆ.

ಫೋನ್ ಮಾಡಿ ಕೇಳಿದರೆ ಜನ ಸಿಗಲ್ಲ ಅನ್ನುವವರಿಗೂ ಉತ್ತರ ಇದೆ. 2014ರಲ್ಲಿ ಭಾರತದ 5 ರಾಜ್ಯಗಳಲ್ಲಿ ಆಂಬುಲೆನ್ಸ್‌ನಲ್ಲಿ ಹೋದ ತುಂಬು ಗರ್ಭಿಣಿಯರನ್ನು 42 ದಿನದವರೆಗೆ ವಿಚಾರಿಸಿಕೊಂಡ ಅಧ್ಯಯನ ಇದೆ. 100ಕ್ಕೆ 90ಕ್ಕಿಂತ ಜಾಸ್ತಿ ಮಂದಿ ಸಿಕ್ಕರು.

ಕ್ಯಾಶುವಾಲ್ಟಿ ರಾಯಚೂರು

ಇಎಂಟಿ ಅವರೇ, ನಮ್ಮ ಕ್ಯಾಶುವಾಲ್ಟಿ ರಿಜಿಸ್ಟರ್‌ನಲ್ಲಿ ಒಂದು ಕಾಲಂ ಎಳೆಸುತ್ತೇನೆ, ಆಂಬುಲೆನ್ಸ್ ಕೇಸ್ ನಂಬರ್ ಅಂತ. ನೀವು ಸೀಲ್ ಹಾಕಿಸಿಕೊಳ್ಳುವಾಗ ಆ ಆಸ್ಪತ್ರೆಯ ಐಪಿ ನಂಬರ್ ಶೀಟ್‌ನ ಮೂಲೆಯಲ್ಲಿ ಬರೆಸಿಕೊಳ್ಳಿ. ಜಿಲ್ಲೆ ಪೂರ್ತಿ ಬೇಡ, ಹೃದಯ ನಿಂತ ಕೇಸ್ ಮಾತ್ರ ಸಾಕು. ಡಿಸ್ಚಾರ್ಜ್ ಆದವರಿಗೆ ಒಂದು ತಿಂಗಳಿಗೆ ಫೋನ್.

ಕುಡ್ಲದ ಮಗಳು

ಫೋನ್ ಮಾಡಿದಾಗ ಹೇಗಿದ್ದಾರೆ ಅಂತ ಕೇಳಬೇಡಿ. ಎಲ್ಲರೂ ಪರವಾಗಿಲ್ಲ ಅಂತಲೇ ಹೇಳುತ್ತೇವೆ. ಬಾತ್‌ರೂಮಿಗೆ ಒಬ್ಬರೇ ಹೋಗುತ್ತಾರಾ, ಊಟ ಯಾರು ಮಾಡಿಸುತ್ತಾರೆ, ಮನೆಯವರ ಹೆಸರು ಹೇಳುತ್ತಾರಾ ಅಂತ ಕೇಳಿ. ಮತ್ತೆ, ನೋಡಿಕೊಳ್ಳೋಕೆ ಕೆಲಸ ಬಿಟ್ಟವರು ಯಾರು ಅಂತಲೂ ಕೇಳಿ. ಅದು ಯಾವ ಪಟ್ಟಿಯಲ್ಲೂ ಇರಲ್ಲ.

ಅಂಕಿ ಅಕ್ಕ

ಬರೆದುಕೊಂಡೆ. ಕೊನೆಯದನ್ನು ಖಂಡಿತ ಸೇರಿಸೋಣ.

ತುಮಕೂರು ವಕೀಲ

ಒಂದು ಫೋನ್ ಕೂಡ ಮಾಡುವ ಮೊದಲು ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿ. ಬರೀ ಎಣಿಕೆ ಅಂತ ಬಿಡಬೇಡಿ, ಹೆಸರು ಮತ್ತು ಫೋನ್ ನಂಬರ್ ಇಟ್ಟುಕೊಳ್ಳುತ್ತೀರಿ. ತೀರಿಕೊಂಡವರ ಮನೆಗೆ ಫೋನ್ ಮಾಡುತ್ತೀರಾ ಇಲ್ಲವಾ ಅನ್ನೋದನ್ನೂ ಮೊದಲೇ ಬರೆಯಿರಿ. ಕವೆಂಟ್ರಿ ಮೇಡಂ ಹೇಳಿದ ಜಗಳ ನಮಗೂ ಬರುತ್ತದೆ.

ಗಾಡಿ ಇಎಂಟಿ

ಅರ್ಜಿ ಕನ್ನಡದಲ್ಲಿ ಬರೆಯಬಹುದಾ ಸರ್?

ತುಮಕೂರು ವಕೀಲ

ಅರ್ಜಿ ಇಂಗ್ಲಿಷಿನಲ್ಲೇ ಕೇಳುತ್ತಾರೆ, ಅದನ್ನು ಡಾಕ್ಟ್ರು ಮತ್ತು ಅಂಕಿ ಅಕ್ಕ ನೋಡಿಕೊಳ್ಳಲಿ. ಆದರೆ ರೋಗಿಯ ಮನೆಯವರಿಗೆ ಓದಿ ಹೇಳುವ ಮಾಹಿತಿ ಪತ್ರ ಅವರಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ಅದನ್ನು ನೀವೇ ಬರೆಯಿರಿ, ನೀವು ಫೋನಲ್ಲಿ ಮಾತಾಡುವ ಹಾಗೆ. ಒಂದು ಪುಟ ದಾಟಬಾರದು. ಬರೆದು ಇಲ್ಲೇ ಹಾಕಿ, ಓದೋನು ಅವರು ಮೊದಲು ಓದಲಿ. ಅವರಿಗೆ ಒಪ್ಪಿಗೆ ಆದರೆ ಕಮಿಟಿಗೂ ಆಗುತ್ತದೆ.

ಸುಮ್ನೆ ಓದೋನು

ಹಾಕಿ ನೋಡೋಣ. ಸುಲಭಕ್ಕೆ ಪಾಸ್ ಮಾಡಲ್ಲ.